ಕೇಬಲ್ ಮೋಡೆಮ್‌ನಲ್ಲಿ ಗಿಗಾಬಿಟ್‌ಗಿಂತ ಜಾಸ್ತಿ ವೇಗ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ನಮ್ಮ ಬೀದಿಗೆ ಇನ್ನೂ ಫೈಬರ್ ಬಂದಿಲ್ಲ. ಹಿಂದೆ ಟಿವಿಗೆಂದು ಎಳೆದ ತಾಮ್ರದ ಕೇಬಲ್ಲೇ ಇಂಟರ್ನೆಟ್ಟಿಗೂ ಗತಿ. ಕನ್ನಡ ಕೂಟದಲ್ಲಿ ಸಿಕ್ಕವರು, ಆಫೀಸಿನ ಸ್ನೇಹಿತರು, ಹೊಸದಾಗಿ ಮನೆ ತೆಗೆದುಕೊಂಡವರು ಎಲ್ಲರೂ ಒಂದೇ ಮಾತು ಕೇಳುತ್ತಾರೆ: "ಗಿಗಾಬಿಟ್‌ಗಿಂತ ದೊಡ್ಡ ಪ್ಲಾನಿಗೆ ದುಡ್ಡು ಕಟ್ತಿದ್ದೀನಿ, ಆದ್ರೆ ಆ ಸ್ಪೀಡು ಕಣ್ಣಿಗೆ ಕಾಣ್ತಾನೇ ಇಲ್ಲ." ಫೋನಿನಲ್ಲಿ ಮತ್ತೆ ಮತ್ತೆ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಅವರವೇ, ಉತ್ತರ ನನ್ನವು.

ಏನೇ ಮಾಡಿದ್ರೂ ಸ್ಪೀಡ್ ಟೆಸ್ಟ್ 940ರ ಹತ್ತಿರವೇ ನಿಲ್ಲುತ್ತೆ. ಯಾಕೆ?

ಆ ಸಂಖ್ಯೆ ಕಂಡರೆ ಅರ್ಧ ಉತ್ತರ ಸಿಕ್ಕ ಹಾಗೆ. 940 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್; 1000 ಆದರೆ ಒಂದು ಜಿಬಿಪಿಎಸ್, ಅಂದರೆ ಗಿಗಾಬಿಟ್) ಎಂಬುದು ಗಿಗಾಬಿಟ್ ಈಥರ್ನೆಟ್ ಪೋರ್ಟ್, ಅಂದರೆ ನೆಟ್‌ವರ್ಕ್ ತಂತಿ ಚುಚ್ಚುವ ತೂತು, ಕೊಡಬಹುದಾದ ಗರಿಷ್ಠ. ಪೋರ್ಟಿನ ಮೇಲೆ 1000 ಎಂದಿದ್ದರೂ ಅಷ್ಟೂ ನಿಮ್ಮ ಡೇಟಾಗೆ ಸಿಗುವುದಿಲ್ಲ. ತಂತಿಯಲ್ಲಿ ಹೋಗುವ ಒಂದೊಂದು ಪೊಟ್ಟಣ, ಅದರ ಹಿಂದುಮುಂದಿನ ಅಂತರವೂ ಸೇರಿ, 1538 ಬೈಟ್ ಜಾಗ ಹಿಡಿಯುತ್ತದೆ. ವಿಳಾಸ, ತಪಾಸಣೆ ಅಂತ ಹೊದಿಕೆಗೆ ಹೋಗುವುದನ್ನು ಕಳೆದರೆ ನಿಮ್ಮ ಪಾಲಿಗೆ ಉಳಿಯುವುದು ಸಾಮಾನ್ಯವಾಗಿ 1448 ಬೈಟ್. ಭಾಗಿಸಿ ನೋಡಿ, ನೂರಕ್ಕೆ 94. ಅಂದರೆ 1000ದಲ್ಲಿ 940 ಚಿಲ್ಲರೆ.

ಹಾಗಾಗಿ ಟೆಸ್ಟ್ 935, 938, 941 ಅಂತ ಒಂದೇ ಕಡೆ ಗೂಟ ಹೊಡೆದಂತೆ ನಿಂತರೆ ನಿಮ್ಮ ಕೇಬಲ್ ಲೈನು ಬಹುತೇಕ ಚೆನ್ನಾಗಿಯೇ ಇದೆ. ದಾರಿಯಲ್ಲಿ ಎಲ್ಲೋ ಒಂದು ಗಿಗಾಬಿಟ್ ಪೋರ್ಟ್ ಕೂತಿದೆ ಅಷ್ಟೇ. ಅದೇ 600, 780, 510 ಅಂತ ಮೇಲೆ ಕೆಳಗೆ ಆಡುತ್ತಿದ್ದರೆ ಅದು ಬೇರೆ ಕಾಯಿಲೆ. ವೈ-ಫೈ, ಸಿಗ್ನಲ್, ಸಂಜೆ ಹೊತ್ತಿನ ಜನಸಂದಣಿ, ಇವುಗಳಲ್ಲಿ ಒಂದು.

ನಮ್ಮೂರಲ್ಲಿ ಬೋರ್‌ವೆಲ್ ನೀರನ್ನು ಇಂಚಿನಲ್ಲಿ ಅಳೆಯುತ್ತಾರಲ್ಲ, ಹಾಗೆ ಯೋಚಿಸಿ. ಮೂರು ಇಂಚು ನೀರು ಬಿದ್ದಿದೆ. ತೋಟಕ್ಕೆ ಹೋಗುವ ಪೈಪು ಒಂದೂವರೆ ಇಂಚಿನದು. ಮೋಟರ್ ಬದಲಾಯಿಸಿದರೆ ಏನು ಪ್ರಯೋಜನ? ಮೊದಲು ಪೈಪು ಎಲ್ಲಿ ಸಣ್ಣದಾಗಿದೆ ನೋಡಬೇಕು. ಈ ಪುಟದಲ್ಲಿ ನಾವು ಮಾಡುವುದೂ ಅದನ್ನೇ. ಕಂಪನಿಯ ಕೇಬಲ್‌ನಿಂದ ಶುರು ಮಾಡಿ ನಿಮ್ಮ ಕಂಪ್ಯೂಟರ್‌ವರೆಗೆ ಒಂದೊಂದೇ ಗೆಣ್ಣು ಮುಟ್ಟಿ ನೋಡುವುದು.

ಹಳೆಯ ಟಿವಿ ಕೇಬಲ್‌ಗೆ ನಿಜವಾಗಲೂ ಅಷ್ಟು ಶಕ್ತಿ ಇದೆಯಾ?

ಇದೆ. ಕೇಬಲ್ ಇಂಟರ್ನೆಟ್ ನಡೆಯುವುದು ಡಾಕ್ಸಿಸ್ ಎಂಬ ನಿಯಮಾವಳಿಯ ಮೇಲೆ. ಅದನ್ನು ರೂಪಿಸುವುದು ಅಮೆರಿಕದ ಕೇಬಲ್‌ಲ್ಯಾಬ್ಸ್ ಸಂಸ್ಥೆ. 2006ರಲ್ಲಿ ಬಂದ ಡಾಕ್ಸಿಸ್ 3.0, ಟಿವಿ ಚಾನೆಲ್ ಅಳತೆಯ 6 ಮೆಗಾಹರ್ಟ್ಜ್ ತುಂಡುಗಳನ್ನು ಒಟ್ಟಿಗೆ ಕಟ್ಟಿ ಕೆಲಸ ಮಾಡುತ್ತದೆ. ಒಂದೊಂದು ಚಾನೆಲ್ ಸುಮಾರು 38 ಎಂಬಿಪಿಎಸ್ ಹೊರುತ್ತದೆ. 32 ಚಾನೆಲ್ ಕಟ್ಟಿದರೆ ಸುಮಾರು 1.2 ಜಿಬಿಪಿಎಸ್. ಆದರೆ ಅದು ನಿಮ್ಮೊಬ್ಬರದಲ್ಲ. ಅಕ್ಕಪಕ್ಕದ ಮನೆಗಳೂ ಅದೇ ಚಾನೆಲ್‌ಗಳಲ್ಲಿ ಇರುತ್ತವೆ. ಹಾಗಾಗಿ 3.0 ಮೋಡೆಮ್‌ನಲ್ಲಿ ಗಿಗಾಬಿಟ್ ದಾಟುವ ಆಸೆ ಬಿಟ್ಟುಬಿಡಿ.

2013ರ ಡಾಕ್ಸಿಸ್ 3.1 ಆಟವನ್ನೇ ಬದಲಾಯಿಸಿತು. ಸಣ್ಣ ಚಾನೆಲ್ ಬದಲು 192 ಮೆಗಾಹರ್ಟ್ಜ್‌ವರೆಗಿನ ಒಂದೇ ಅಗಲವಾದ ಒಎಫ್‌ಡಿಎಂ ಚಾನೆಲ್. ಲೈನು ಶುದ್ಧವಾಗಿದ್ದರೆ ಅಂಥ ಒಂದೇ ಚಾನೆಲ್ 1.8 ಜಿಬಿಪಿಎಸ್ ಆಸುಪಾಸು ಕೊಡುತ್ತದೆ. ಸಾಮಾನ್ಯ 3.1 ಮೋಡೆಮ್ ಅಂಥ ಎರಡು ಚಾನೆಲ್‌ಗಳನ್ನು, ಜೊತೆಗೆ ಹಳೆಯ ಕಾಲದ 32ನ್ನೂ ಹಿಡಿಯಬಲ್ಲದು. ಡಬ್ಬಿಯ ಮೇಲೆ "10 ಜಿಬಿಪಿಎಸ್" ಎಂದು ಬರೆದಿರುತ್ತಾರೆ. ಅದು ನಿಯಮಾವಳಿಯ ಎತ್ತರದ ಲೆಕ್ಕ, ಈ ಮೋಡೆಮ್ ನಿಮಗೆ ಕೊಡುವ ವೇಗವಲ್ಲ. ಅದನ್ನು ನಂಬಿ ದುಡ್ಡು ಹಾಕಬೇಡಿ.

ಹಾಗಾದರೆ ಯಾವ ಮೋಡೆಮ್ ತಗೊಳ್ಳಲಿ?

ಎರಡೇ ವಿಷಯ ನೋಡಿ. ಒಂದು, ಡಾಕ್ಸಿಸ್ 3.1 ಆಗಿರಬೇಕು. ಎರಡು, ಹಿಂಭಾಗದಲ್ಲಿ 2.5 ಗಿಗಾಬಿಟ್ ಈಥರ್ನೆಟ್ ಪೋರ್ಟ್ ಇರಬೇಕು. ಮೊದಲನೆಯದನ್ನು ಎಲ್ಲರೂ ನೋಡುತ್ತಾರೆ. ಎರಡನೆಯದನ್ನು ಮರೆಯುತ್ತಾರೆ.

ನಾನೂ ಮರೆತಿದ್ದೆ. 1.2 ಗಿಗ್ ಪ್ಲಾನ್ ತೆಗೆದುಕೊಂಡ ದಿನ, "ನಿಮ್ಮ ಮೋಡೆಮ್ 3.1 ಇದೆ, ಸಾಕು" ಎಂದು ಮಾರಾಟದವರು ಹೇಳಿದರು. ಮೋಡೆಮ್ ಒಳಗೆ 1.2 ಬರುತ್ತಿತ್ತು ನಿಜ. ಹೊರಗೆ ಬರಲು ಇದ್ದದ್ದು ಒಂದೇ ಒಂದು ಗಿಗಾಬಿಟ್ ಪೋರ್ಟ್. ಒಂದು ವರ್ಷದ ಮೇಲೆ ಎರಡು ತಿಂಗಳು ಜಾಸ್ತಿ ದುಡ್ಡು ಕಟ್ಟಿ 940ರಲ್ಲೇ ಇದ್ದೆವು. ಆ ದುಡ್ಡು ನಿಮ್ಮದು ಹೋಗದಿರಲಿ ಎಂದೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

2.5 ಗಿಗಾಬಿಟ್ ಪೋರ್ಟ್ ಇರುವ ಮೋಡೆಮ್‌ಗಳಲ್ಲಿ ಇಲ್ಲಿ ಚೆನ್ನಾಗಿ ಗೊತ್ತಿರುವವು ನೆಟ್‌ಗೇರ್ ಸಿಎಂ2000, ಮೋಟೊರೊಲಾ ಎಂಬಿ8611, ಆ್ಯರಿಸ್ ಎಸ್33, ಹಿಟ್ರಾನ್ ಕೋಡಾ56. ಆದರೆ ಈಗ ಹೊಸದಾಗಿ ಕೊಳ್ಳುವುದಾದರೆ ಕೆಳಗೆ ಅಪ್‌ಲೋಡ್ ಬಗ್ಗೆ ಬರೆದದ್ದನ್ನು ಓದಿದ ಮೇಲೆ ನಿರ್ಧಾರ ಮಾಡಿ. ಏನೇ ಕೊಂಡರೂ ನಿಮ್ಮ ಕಂಪನಿಯ ಒಪ್ಪಿತ ಮೋಡೆಮ್ ಪಟ್ಟಿಯಲ್ಲಿ, ನಿಮ್ಮ ಪ್ಲಾನಿನ ಎದುರಿಗೇ ಆ ಹೆಸರು ಇದೆಯಾ ನೋಡಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಎಷ್ಟು ಒಳ್ಳೆಯ ಮೋಡೆಮ್ ಆದರೂ ಉಪಯೋಗವಿಲ್ಲ.

ನನ್ನ ಹತ್ತಿರ ಎರಡು ಗಿಗಾಬಿಟ್ ಪೋರ್ಟ್ ಇರುವ ಹಳೆಯ 3.1 ಮೋಡೆಮ್ ಇದೆ. ಎರಡನ್ನೂ ಸೇರಿಸಬಹುದಾ?

ಸೇರಿಸಬಹುದು. ಆ್ಯರಿಸ್ ಎಸ್‌ಬಿ8200, ನೆಟ್‌ಗೇರ್ ಸಿಎಂ1100 ತರಹದ ಮೋಡೆಮ್‌ಗಳು 2.5 ಪೋರ್ಟ್ ಮನೆಗಳಿಗೆ ಬರುವ ಮೊದಲಿನವು. ಎರಡು ಪೋರ್ಟಿಗೂ ತಂತಿ ಹಾಕಿ ಒಂದೇ ಜೋಡಿಯಂತೆ ನಡೆಸುವುದಕ್ಕೆ ಲಿಂಕ್ ಅಗ್ರಿಗೇಶನ್ ಅನ್ನುತ್ತಾರೆ. ಮೋಡೆಮ್‌ನ ಸೆಟ್ಟಿಂಗ್‌ನಲ್ಲೂ ಆನ್ ಮಾಡಬೇಕು, ರೌಟರ್‌ನಲ್ಲಿ "ವ್ಯಾನ್ ಅಗ್ರಿಗೇಶನ್" ಎಂಬ ಸೌಲಭ್ಯವೂ ಇರಬೇಕು. ಆಸುಸ್, ನೆಟ್‌ಗೇರ್‌ನ ಕೆಲವು ರೌಟರ್‌ಗಳಲ್ಲಿ ಇದೆ.

ಒಂದು ಮಾತು ಅರ್ಥವಾಗಿರಲಿ. ಎರಡು ಗಿಗಾಬಿಟ್ ಸೇರಿದರೆ ಎರಡು ಗಿಗಾಬಿಟ್‌ನ ಒಂದು ದಾರಿ ಆಗುವುದಿಲ್ಲ. ಒಂದೊಂದು ಗಿಗಾಬಿಟ್‌ನ ಎರಡು ದಾರಿಗಳಾಗುತ್ತವೆ. ಒಂದು ಡೌನ್‌ಲೋಡ್ ಯಾವುದಾದರೂ ಒಂದೇ ದಾರಿಯಲ್ಲಿ ಹೋಗುತ್ತದೆ, ನಡುವೆ ದಾಟುವುದಿಲ್ಲ. ಹಾಗಾಗಿ ಒಂದೇ ಸಂಪರ್ಕದ ಡೌನ್‌ಲೋಡ್ 940 ದಾಟದು. ಮನೆಯಲ್ಲಿ ನಾಲ್ಕು ಜನ ಏಕಕಾಲಕ್ಕೆ ಕೂತಾಗ ಒಟ್ಟು ಲೆಕ್ಕ ದಾಟುತ್ತದೆ. ಇನ್ನೊಂದು ತೊಡಕು ಎಂದರೆ, ಮೋಡೆಮ್‌ನ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಕಳಿಸುವುದು ಕೇಬಲ್ ಕಂಪನಿ, ನೀವಲ್ಲ. ಅವರು ಕಳಿಸಿದ ಆವೃತ್ತಿಯಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ನೀವು ಮಾಡುವಂಥದ್ದು ಏನೂ ಇಲ್ಲ.

ಅಂಥ ಮೋಡೆಮ್, ಅಂಥ ರೌಟರ್ ಎರಡೂ ಆಗಲೇ ಮನೆಯಲ್ಲಿದ್ದರೆ ಖಂಡಿತ ಪ್ರಯತ್ನಿಸಿ. ಇದಕ್ಕೋಸ್ಕರ ಹೊಸದಾಗಿ ಏನನ್ನೂ ಕೊಳ್ಳಬೇಡಿ.

ಕಂಪನಿಯ ಬಾಡಿಗೆ ಡಬ್ಬಿಯೇ ಇದೆ. ಅದರಲ್ಲಿ ಆಗಲ್ವಾ?

ಆಗುತ್ತದೆ, ಹೊಸ ಮಾದರಿ ಆಗಿದ್ದರೆ. ಇಲ್ಲಿನ ಕೇಬಲ್ ಕಂಪನಿ ಕಾಮ್‌ಕಾಸ್ಟ್‌ನ ಎಕ್ಸ್‌ಬಿ7, ಎಕ್ಸ್‌ಬಿ8 ಗೇಟ್‌ವೇಗಳ (ಮೋಡೆಮ್, ರೌಟರ್ ಎರಡೂ ಸೇರಿದ ಡಬ್ಬಿ) ಹಿಂದೆ ನಾಲ್ಕು ಪೋರ್ಟ್ ಇವೆ. ಅವುಗಳಲ್ಲಿ ಒಂದು ಮಾತ್ರ 2.5 ಗಿಗಾಬಿಟ್. ತಂತಿ ಉಳಿದ ಮೂರರಲ್ಲಿ ಒಂದಕ್ಕೆ ಚುಚ್ಚಿದ್ದರೆ 940ಕ್ಕೆ ನಿಲ್ಲುತ್ತದೆ. ಒಬ್ಬ ಸ್ನೇಹಿತನ ಮನೆಯಲ್ಲಿ ಅರ್ಧ ನಿಮಿಷದಲ್ಲಿ ಸರಿಹೋದದ್ದು ಇದೇ, ತಂತಿ ಕಿತ್ತು ಪಕ್ಕದ ತೂತಿಗೆ ಹಾಕಿದೆವು. ಎಕ್ಸ್‌ಬಿ6 ತರಹದ ಹಳೆಯ ಡಬ್ಬಿ ಇದ್ದರೆ ಬದಲಾಯಿಸಿಕೊಡಿ ಎಂದು ಕೇಳಿ. ಬಾಡಿಗೆ ಕಟ್ಟುವವರು ಕೇಳುವುದರಲ್ಲಿ ತಪ್ಪೇನಿಲ್ಲ.

ಸ್ವಂತ ರೌಟರ್ ಇಟ್ಟುಕೊಂಡವರು ಗೇಟ್‌ವೇಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿ, ಆಗ ಅದು ಬರೀ ಮೋಡೆಮ್ ಆಗಿ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ರೌಟರ್ ಮೇಲೆ ರೌಟರ್ ಕೂತು ಸುಮ್ನೆ ತಲೆನೋವು.

ಮೋಡೆಮ್ ಸರಿ ಇದೆ. ರೌಟರ್‌ನಲ್ಲಿ ಏನು ನೋಡಬೇಕು?

ಎರಡು ವೇಗದ ಪೋರ್ಟ್. ಒಳಗೆ ಬರಲು ಒಂದು, ಹೊರಗೆ ಹೋಗಲು ಒಂದು. ವೈ-ಫೈ 6 ಬಂದ ಹೊಸದರಲ್ಲಿ ಅನೇಕ ರೌಟರ್‌ಗಳಿಗೆ ಒಂದೇ 2.5 ಪೋರ್ಟ್ ಕೊಟ್ಟಿದ್ದರು. ಅದನ್ನು ಮೋಡೆಮ್‌ಗೆ ಕೊಟ್ಟರೆ ಕಂಪ್ಯೂಟರ್‌ಗೆ ಉಳಿಯುವುದು ಗಿಗಾಬಿಟ್ ಪೋರ್ಟ್‌ಗಳೇ. ಆಗ ಮನೆಯ ಒಟ್ಟು ವೇಗ ಗಿಗಾಬಿಟ್ ದಾಟಿದರೂ ತಂತಿಯಲ್ಲಿರುವ ಯಾವ ಒಂದು ಯಂತ್ರವೂ ದಾಟುವುದಿಲ್ಲ. ಮನೆ ತುಂಬ ಜನ ಇದ್ದರೆ ಇದೂ ಒಳ್ಳೆಯದೇ. ಒಂದೇ ಯಂತ್ರದಲ್ಲಿ ದೊಡ್ಡ ಸಂಖ್ಯೆ ಬೇಕು ಅನ್ನುವವರಿಗೆ ಮಾತ್ರ ಎರಡು ಪೋರ್ಟ್ ಬೇಕು.

ಇನ್ನೊಂದು ಅಷ್ಟಾಗಿ ಗಮನಕ್ಕೆ ಬಾರದ ವಿಷಯ. ರೌಟರ್‌ನಲ್ಲಿ ಕ್ಯೂಒಎಸ್ (ಯಾವ ಡೇಟಾ ಮೊದಲು ಹೋಗಬೇಕೆಂದು ಸಾಲು ಮಾಡುವುದು), ಮಕ್ಕಳ ನಿಯಂತ್ರಣ, ಟ್ರಾಫಿಕ್ ವಿಶ್ಲೇಷಣೆ ಇಂಥವನ್ನು ಆನ್ ಮಾಡಿದರೆ ಅನೇಕ ರೌಟರ್‌ಗಳಲ್ಲಿ ಹಾರ್ಡ್‌ವೇರ್ ಸಹಾಯ ನಿಂತುಹೋಗುತ್ತದೆ. ಎಲ್ಲ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ವೇಗ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಮೊದಲು ಅವೆಲ್ಲ ಆಫ್ ಮಾಡಿ ಟೆಸ್ಟ್ ಮಾಡಿ. ಆಮೇಲೆ ಬೇಕಾದದ್ದನ್ನು ಒಂದೊಂದಾಗಿ ಆನ್ ಮಾಡಿ.

ರೌಟರ್ ಬದಲಾಯಿಸಿದ ಮೇಲೆ ಇಂಟರ್ನೆಟ್ ಬರುತ್ತಲೇ ಇಲ್ಲ ಎಂದು ಗಾಬರಿ ಆಗಬೇಡಿ. ಕೇಬಲ್ ಮೋಡೆಮ್ ತಾನು ಮೊದಲು ಕಂಡ ಯಂತ್ರದ ಗುರುತನ್ನೇ ಹಿಡಿದುಕೊಂಡಿರುತ್ತದೆ. ಮೋಡೆಮ್‌ನ ಪ್ಲಗ್ ಕಿತ್ತು, ಒಂದು ನಿಮಿಷ ಬಿಟ್ಟು ಹಾಕಿ.

ಕಂಪ್ಯೂಟರ್ ಕಡೆ ಏನು ಬೇಕು?

ಕಂಪ್ಯೂಟರ್‌ನಲ್ಲೂ 2.5 ಪೋರ್ಟ್ ಬೇಕು. ಈಚಿನ ಡೆಸ್ಕ್‌ಟಾಪ್ ಮದರ್‌ಬೋರ್ಡ್‌ಗಳಲ್ಲಿ ಬಹಳಷ್ಟಕ್ಕೆ ಇರುತ್ತದೆ. ಲ್ಯಾಪ್‌ಟಾಪ್‌ಗಾದರೆ ಯುಎಸ್‌ಬಿ ಅಡಾಪ್ಟರ್ ಸಿಗುತ್ತದೆ, ದುಬಾರಿಯೇನಲ್ಲ. ಯುಎಸ್‌ಬಿ 3 ಪೋರ್ಟಿಗೇ ಹಾಕಬೇಕು. ಯುಎಸ್‌ಬಿ 2 ಒಟ್ಟು 480 ಎಂಬಿಪಿಎಸ್‌ನದು, ಅದರಲ್ಲಿ ಗಿಗಾಬಿಟ್‌ನ ಅರ್ಧವೂ ಸಿಗುವುದಿಲ್ಲ. ನಡುವೆ ಸ್ವಿಚ್ ಇದ್ದರೆ ಅದೂ 2.5ರದ್ದೇ ಆಗಿರಬೇಕು. ಮೇಜಿನ ಕೆಳಗೆ ವರ್ಷಗಳಿಂದ ಕೂತ ಐದು ಪೋರ್ಟಿನ ಹಳೆಯ ಸ್ವಿಚ್ ಇರುತ್ತದಲ್ಲ, ಅದನ್ನು ಎಲ್ಲರೂ ಮರೆಯುತ್ತಾರೆ.

ಹಾರ್ಡ್ ಡಿಸ್ಕ್ ಬಗ್ಗೆಯೂ ಒಂದು ಮಾತು. 1.2 ಜಿಬಿಪಿಎಸ್ ಅಂದರೆ ಸೆಕೆಂಡಿಗೆ 150 ಮೆಗಾಬೈಟ್. ತಿರುಗುವ ಹಳೆಯ ಡಿಸ್ಕ್ ಬರೆಯುವ ವೇಗವೂ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯುತ್ತದೆ. ಎಸ್‌ಎಸ್‌ಡಿ ಇದ್ದರೆ ಚಿಂತೆಯಿಲ್ಲ.

ಗೋಡೆಯೊಳಗಿನ ಈಥರ್ನೆಟ್ ತಂತಿ ಬದಲಾಯಿಸಬೇಕಾ?

ಬಹುತೇಕ ಬೇಡ. ಇದು ನಿಜಕ್ಕೂ ಖುಷಿಯ ಸುದ್ದಿ. 2.5 ಗಿಗಾಬಿಟ್ ನಿಯಮ 2016ರಲ್ಲಿ ಬಂದದ್ದೇ ಗೋಡೆಯೊಳಗಿನ ಹಳೆಯ ತಂತಿ ಕೀಳದೆ ವೇಗ ಹೆಚ್ಚಿಸಲು. ಕ್ಯಾಟ್ 5ಇ ತಂತಿಯಲ್ಲಿ 100 ಮೀಟರ್‌ವರೆಗೆ 2.5 ಓಡುತ್ತದೆ. ನಿಮ್ಮ ತಂತಿ ಯಾವುದು ಎಂದು ನೋಡಲು ಫೋನಿನ ಟಾರ್ಚ್ ಹಾಕಿ ಹೊದಿಕೆಯ ಮೇಲಿನ ಸಣ್ಣ ಅಕ್ಷರ ಓದಿ. ಟೆಸ್ಟ್‌ನಲ್ಲಿ 95ರ ಹತ್ತಿರ ಬಂದರೆ ತಂತಿಯೊಳಗಿನ ನಾಲ್ಕು ಜೋಡಿಗಳಲ್ಲಿ ಒಂದು ಕಡಿದಿದೆ, ಅಥವಾ ಪಿನ್ ಸರಿಯಾಗಿ ಕೂತಿಲ್ಲ. ಯಂತ್ರಗಳು 100ಕ್ಕೆ ಇಳಿದು ಕೂತಿರುತ್ತವೆ. ಬೇರೆ ತಂತಿ ಹಾಕಿ ನೋಡಿ.

ಈಥರ್ನೆಟ್ ಎಳೆದಿರದ, ಕೋಣೆಗೊಂದು ಟಿವಿ ಕೇಬಲ್ ಮಾತ್ರ ಇರುವ ಮನೆಗಳು ಇಲ್ಲಿ ಬಹಳ. ಅಂಥ ಕಡೆ ಮೋಕಾ 2.5 ಅಡಾಪ್ಟರ್ ಜೋಡಿ ಹಾಕಿದರೆ ಅದೇ ಟಿವಿ ಕೇಬಲ್ ಮನೆಯೊಳಗಿನ ಈಥರ್ನೆಟ್ ಆಗುತ್ತದೆ. ಅಡಾಪ್ಟರ್‌ನ ಪೋರ್ಟೂ 2.5ರದ್ದೇ ಇದೆಯಾ ನೋಡಿಕೊಳ್ಳಿ. ಮನೆಗೆ ಕೇಬಲ್ ಬರುವ ಬಾಯಿಯಲ್ಲಿ ಮೋಕಾ ಫಿಲ್ಟರ್ ಹಾಕುವುದನ್ನು ಮಾತ್ರ ಮರೆಯಬೇಡಿ. ಇಲ್ಲದಿದ್ದರೆ ನಿಮ್ಮ ಮನೆಯ ಸಿಗ್ನಲ್ ಹೊರಗಿನ ಲೈನಿಗೆ ಸೋರುತ್ತದೆ.

ಫೋನಿನಲ್ಲಿ, ವೈ-ಫೈನಲ್ಲಿ ಗಿಗಾಬಿಟ್ ದಾಟುತ್ತಾ?

ಕೆಲವು ಯಂತ್ರಗಳಲ್ಲಿ, ರೌಟರ್ ಇರುವ ಕೋಣೆಯಲ್ಲೇ ಕೂತರೆ ದಾಟುತ್ತದೆ. ವೈ-ಫೈ 6 ಫೋನ್ 80 ಮೆಗಾಹರ್ಟ್ಜ್ ಅಗಲದಲ್ಲಿ "1200 ಎಂಬಿಪಿಎಸ್" ಸಂಪರ್ಕ ತೋರಿಸುತ್ತದೆ, ಕೈಗೆ ಸಿಗುವುದು 600ರಿಂದ 850. ಗಿಗಾಬಿಟ್ ದಾಟಬೇಕಾದರೆ ಫೋನು, ರೌಟರ್ ಎರಡಕ್ಕೂ 160 ಮೆಗಾಹರ್ಟ್ಜ್ ಬೇಕು. 6 ಗಿಗಾಹರ್ಟ್ಜ್ ಪಟ್ಟಿ ಇರುವ ವೈ-ಫೈ 6ಇ, ವೈ-ಫೈ 7 ಇದ್ದರೆ ಸುಲಭ. ಗೋಡೆ ಒಂದು ಅಡ್ಡ ಬಂದರೂ ಸಂಖ್ಯೆ ಬಿದ್ದುಹೋಗುತ್ತದೆ. ವೈ-ಫೈನಲ್ಲಿ ಅಳೆದು ಕಂಪನಿಗೆ ದೂರು ಕೊಡಬೇಡಿ. ಅವರು ಮೊದಲು ಕೇಳುವುದೇ "ತಂತಿ ಹಾಕಿ ನೋಡಿದಿರಾ?" ಎಂದು. ಆ ಪ್ರಶ್ನೆ ನ್ಯಾಯವಾದದ್ದೇ.

ಸಿಗ್ನಲ್ ಸರಿ ಇದೆಯಾ ಅಂತ ನಾನೇ ನೋಡಬಹುದಾ?

ನೋಡಬಹುದು, ನೋಡಲೇಬೇಕು. ಬ್ರೌಸರ್‌ನಲ್ಲಿ 192.168.100.1 ಎಂದು ಹಾಕಿ. ಹೆಚ್ಚಿನ ಕೇಬಲ್ ಮೋಡೆಮ್‌ಗಳ ಪುಟ ಅಲ್ಲಿ ತೆರೆಯುತ್ತದೆ. ಒಂದು ದೊಡ್ಡ ಕೋಷ್ಟಕ ಕಾಣುತ್ತದೆ. ಹೆದರಬೇಡಿ, ಅದರಲ್ಲಿ ನಾಲ್ಕೇ ಸಂಗತಿ ನೋಡಿದರೆ ಸಾಕು.

ಡೌನ್‌ಸ್ಟ್ರೀಮ್ (ಮನೆಗೆ ಬರುವ ಸಿಗ್ನಲ್) ಪವರ್ ಸೊನ್ನೆಯ ಆಸುಪಾಸಿನಲ್ಲಿರಬೇಕು. ಮೈನಸ್ 7ರಿಂದ ಪ್ಲಸ್ 7 ಡಿಬಿಎಂವಿ ಒಳಗಿದ್ದರೆ ನೆಮ್ಮದಿ. ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಗಟ್ಟಿ ಎಂಬ ಅಳತೆ) 35 ಡಿಬಿಗಿಂತ ಮೇಲಿದ್ದರೆ ಒಳ್ಳೆಯದು, 40ರ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಅಪ್‌ಸ್ಟ್ರೀಮ್ (ಮನೆಯಿಂದ ಹೋಗುವ ಸಿಗ್ನಲ್) ಪವರ್ 50 ದಾಟಿದ್ದರೆ ಮೋಡೆಮ್ ಕೂಗಿ ಕೂಗಿ ಮಾತಾಡುತ್ತಿದೆ ಎಂದು ಅರ್ಥ. ಕೊನೆಗೆ "ಅನ್‌ಕರೆಕ್ಟೆಬಲ್" ಎಂಬ ಸಾಲು, ಅಂದರೆ ಸರಿಪಡಿಸಲಾಗದ ತಪ್ಪುಗಳ ಲೆಕ್ಕ. ಮೋಡೆಮ್ ರೀಸ್ಟಾರ್ಟ್ ಮಾಡಿ ಒಂದು ದಿನ ಬಿಟ್ಟು ನೋಡಿ. ಅದು ಸಾವಿರ, ಲಕ್ಷ ಅಂತ ಏರುತ್ತಲೇ ಇದ್ದರೆ ಲೈನಿನಲ್ಲಿ ಗದ್ದಲ ಇದೆ.

ನಮ್ಮ ಮನೆಯ ಕತೆ ಹೇಳುತ್ತೇನೆ. 2.5 ಪೋರ್ಟಿನ ಮೋಡೆಮ್ ತಂದ ಮೇಲೂ ವೇಗ ಒಂದು ದಿನ ಬಂದರೆ ಇನ್ನೊಂದು ದಿನ ಇಲ್ಲ. ಮೋಡೆಮ್ ಪುಟದಲ್ಲಿ ಪವರ್ ಮೈನಸ್ 11. ಗ್ಯಾರೇಜಿನ ಗೋಡೆಯ ಡಬ್ಬಿ ತೆರೆದೆ. ಒಳಗೆ ಹಳೆಯ ಮೂರು ಕವಲಿನ ಸ್ಪ್ಲಿಟರ್. ಎರಡು ಕವಲು ಯಾವ ಕೋಣೆಗೂ ಹೋಗಿರಲಿಲ್ಲ, ಬಾಯಿ ತೆರೆದುಕೊಂಡು ಹಾಗೇ ನಿಂತಿದ್ದವು. ಮೂರನೆಯದರ ಸುತ್ತ ತಾಮ್ರದ ಕಿಲುಬು, ನಮ್ಮಜ್ಜಿಯ ಹುಣಸೆಹಣ್ಣು ಕಾಣದ ಚೊಂಬಿನ ಬಣ್ಣ. ತಿರುಪು ಕೈಯಲ್ಲೇ ತಿರುಗುತ್ತಿತ್ತು, ಅಷ್ಟು ಸಡಿಲ. ಮೂರು ಕವಲಿನ ಸ್ಪ್ಲಿಟರ್‌ನಲ್ಲಿ ಸಾಮಾನ್ಯವಾಗಿ ಒಂದು ಕವಲು 3.5 ಡಿಬಿ, ಉಳಿದೆರಡು 7 ಡಿಬಿ ತಿನ್ನುತ್ತವೆ. ನಮ್ಮ ಮೋಡೆಮ್ ಕೂತಿದ್ದದ್ದು 7 ತಿನ್ನುವ ಕವಲಿನಲ್ಲಿ. ಸ್ಪ್ಲಿಟರ್ ತೆಗೆದು ನೇರವಾಗಿ ಕೂಡಿಸುವ ಸಣ್ಣ ಲೋಹದ ಜೋಡಣೆ ಹಾಕಿದೆ. ಕೈಯಿಂದ ತಿರುಗಿಸಿ, ಆಮೇಲೆ 7/16 ಇಂಚಿನ ಸ್ಪ್ಯಾನರ್‌ನಲ್ಲಿ ಮೆಲ್ಲಗೆ ಬಿಗಿ ಮಾಡಿದೆ. ಒಳಗೆ ಬಂದು ನೋಡಿದರೆ ಮೈನಸ್ 4. ಅವತ್ತಿನಿಂದ ಅಲುಗಾಡಿಲ್ಲ. ಖರ್ಚು ಎರಡು ಡಾಲರ್ ಒಳಗೆ.

ಹಾಗಾಗಿ ಮುನ್ನೂರು ಡಾಲರ್‌ನ ರೌಟರ್ ನೋಡುವ ಮೊದಲು ದಯವಿಟ್ಟು ಗೋಡೆಯ ಡಬ್ಬಿ ತೆರೆದು ನೋಡಿ. ಮನೆಯ ಹೊರಗೆ, ಕಂಬದ ಕಡೆ ತೊಂದರೆ ಇದ್ದರೆ ಮಾತ್ರ ಕಂಪನಿಯವರೇ ಬರಬೇಕು. ಅವರು ಬಂದಾಗ ಆ ಕೋಷ್ಟಕದ ಫೋಟೋ ತೋರಿಸಿ. ಮಾತು ಬೇಗ ಮುಂದಕ್ಕೆ ಹೋಗುತ್ತದೆ.

ಸರಿಯಾಗಿ ಟೆಸ್ಟ್ ಮಾಡೋದು ಹೇಗೆ?

ತಂತಿ ಹಾಕಿ. ಬೇರೆಲ್ಲ ನಿಲ್ಲಿಸಿ. ಬ್ರೌಸರ್ ಬದಲು ಸ್ಪೀಡ್‌ಟೆಸ್ಟ್ ಆ್ಯಪ್ ಬಳಸಿ, ಹಳೆಯ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ರೇ ಏದುಸಿರು ಬಿಡುತ್ತದೆ. ಎರಡು ಮೂರು ಸರ್ವರ್ ಬದಲಾಯಿಸಿ ನೋಡಿ, ಕೆಲವು ಸರ್ವರ್‌ಗಳೇ ಗಿಗಾಬಿಟ್ ಪೋರ್ಟಿನ ಮೇಲಿರುತ್ತವೆ. ಬೆಳಗ್ಗೆ ಆರಕ್ಕೊಮ್ಮೆ, ರಾತ್ರಿ ಎಂಟೂವರೆಗೊಮ್ಮೆ ಮಾಡಿ. ಎರಡಕ್ಕೂ ದೊಡ್ಡ ವ್ಯತ್ಯಾಸ ಬಂದರೆ ನಿಮ್ಮ ಬೀದಿಯ ಲೈನ್ ತುಂಬಿದೆ. ಮನೆಯಲ್ಲಿ ಏನು ಬದಲಾಯಿಸಿದರೂ ಅದು ಹೋಗುವುದಿಲ್ಲ.

ಕೇಬಲ್ ಕಂಪನಿಗಳು ಪ್ಲಾನಿಗಿಂತ ಸ್ವಲ್ಪ ಜಾಸ್ತಿ ಬಿಡುವುದೂ ಉಂಟು. ಹಾಗಾಗಿ ಬರೀ "1 ಗಿಗ್" ಪ್ಲಾನ್ ಇರುವವರಿಗೂ 2.5 ಪೋರ್ಟ್ ಹಾಕಿದ ಮೇಲೆ 1000 ದಾಟಿದ ಸಂಖ್ಯೆ ಬರಬಹುದು.

ಡೌನ್‌ಲೋಡ್ ಬಂತು. ಅಪ್‌ಲೋಡ್ ಯಾಕೆ ಇಷ್ಟು ಕಡಿಮೆ?

ಇದು ನನಗೆ ಗಿಗಾಬಿಟ್ ದಾಟುವುದಕ್ಕಿಂತ ಮುಖ್ಯವಾದ ಪ್ರಶ್ನೆ. ಜನ ಇದನ್ನು ಕೊನೆಗೆ ಕೇಳುತ್ತಾರೆ.

ಕೇಬಲ್ ಹುಟ್ಟಿದ್ದು ಟಿವಿ ಮನೆಗೆ ತರಲು. ಮನೆಯಿಂದ ವಾಪಸ್ ಹೋಗುವುದಕ್ಕೆ ಕೆಳಗೆ 5ರಿಂದ 42 ಮೆಗಾಹರ್ಟ್ಜ್ ಎಂಬ ಸಣ್ಣ ಓಣಿ ಮಾತ್ರ ಬಿಟ್ಟಿದ್ದರು. ಉಳಿದ ಹೆದ್ದಾರಿಯೆಲ್ಲ ಬರುವುದಕ್ಕೆ. ಗಿಗಾಬಿಟ್ ಡೌನ್‌ಲೋಡ್ ಇದ್ದರೂ ಅಪ್‌ಲೋಡ್ 35, 40 ಎಂಬಿಪಿಎಸ್‌ಗೆ ನಿಂತದ್ದು ಇದರಿಂದ. ಊರಿನ ಗೃಹಪ್ರವೇಶದ 20 ಜಿಬಿ ವಿಡಿಯೋ ಮೇಲಕ್ಕೆ ಹಾಕಬೇಕಾದರೆ 35 ಎಂಬಿಪಿಎಸ್‌ನಲ್ಲಿ ಒಂದೂಕಾಲು ಗಂಟೆ. ಅದೇ ಹೊತ್ತಿಗೆ ಅಮ್ಮನ ಜೊತೆ ವಿಡಿಯೋ ಕಾಲ್ ಮಾಡಿದರೆ ಅವರಿಗೆ ನಮ್ಮ ಮುಖ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ನಮಗೆ ಅವರು ಸರಿಯಾಗೇ ಕಾಣುತ್ತಾರೆ, ಹಾಗಾಗಿ ತೊಂದರೆ ನಮ್ಮ ಕಡೆ ಇದೆ ಎಂದು ನಮಗೆ ಹೊಳೆಯುವುದೇ ಇಲ್ಲ. ಅವರು "ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ ಮಗಾ" ಎಂದು ತಮ್ಮ ಫೋನನ್ನೇ ದೂರುತ್ತಾರೆ.

ಈಗ ಕಂಪನಿಗಳು ಆ ಓಣಿಯನ್ನು 85 ಮೆಗಾಹರ್ಟ್ಜ್‌ವರೆಗೆ ಅಗಲ ಮಾಡುತ್ತಿವೆ. ಇದಕ್ಕೆ ಮಿಡ್-ಸ್ಪ್ಲಿಟ್ ಅನ್ನುತ್ತಾರೆ. 204ವರೆಗೆ ಹೋದರೆ ಹೈ-ಸ್ಪ್ಲಿಟ್. ಕೆಲಸ ಮುಗಿದ ಬಡಾವಣೆಗಳಲ್ಲಿ 100, 200 ಎಂಬಿಪಿಎಸ್ ಅಪ್‌ಲೋಡ್ ಸಿಗುತ್ತಿದೆ. ಅದೇ 20 ಜಿಬಿ 200ರಲ್ಲಿ ಹದಿಮೂರು ಹದಿನಾಲ್ಕು ನಿಮಿಷ. ಆದರೆ ಮೋಡೆಮ್ ಕೂಡ ಆ ಅಗಲದ ಓಣಿಗೆ ತಯಾರಾಗಿರಬೇಕು. ಮೇಲೆ ಹೇಳಿದ ಮೊದಲ ತಲೆಮಾರಿನ 2.5 ಪೋರ್ಟ್ ಮೋಡೆಮ್‌ಗಳನ್ನೆಲ್ಲ ಇದಕ್ಕೆ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಆ್ಯರಿಸ್ ಎಸ್34, ನೆಟ್‌ಗೇರ್ ಸಿಎಂ3000 ತರಹದವು ಅದಕ್ಕೆಂದೇ ಬಂದವು. ಹೊಸದಾಗಿ ಕೊಳ್ಳುವವರು ಕಂಪನಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ನಮ್ಮ ವಿಳಾಸಕ್ಕೆ ಮಿಡ್-ಸ್ಪ್ಲಿಟ್ ಬಂದಿದೆಯಾ? ಜಾಸ್ತಿ ಅಪ್‌ಲೋಡ್‌ಗೆ ಯಾವ ಮೋಡೆಮ್‌ಗಳನ್ನು ಒಪ್ಪುತ್ತೀರಿ?

ಡೇಟಾ ಮಿತಿ ಇದ್ದರೆ?

ಲೆಕ್ಕ ಹಾಕಿ. ಕಾಮ್‌ಕಾಸ್ಟ್‌ನ ಅನೇಕ ಹಳೆಯ ಪ್ಲಾನ್‌ಗಳಲ್ಲಿ ತಿಂಗಳಿಗೆ 1.2 ಟಿಬಿ ಮಿತಿ ಇತ್ತು. 1.2 ಜಿಬಿಪಿಎಸ್ ವೇಗದಲ್ಲಿ ಬಿಡದೆ ಇಳಿಸಿದರೆ ಅದು ಮುಗಿಯುವುದು 2 ಗಂಟೆ 13 ನಿಮಿಷದಲ್ಲಿ. 2025ರಲ್ಲಿ ತಂದ ಹೊಸ ಪ್ಲಾನ್‌ಗಳಲ್ಲಿ ಮಿತಿ ತೆಗೆದಿದ್ದಾರೆ. ಹಳೆಯ ಪ್ಲಾನ್‌ನಲ್ಲೇ ಉಳಿದಿದ್ದರೆ ಬಿಲ್ ಒಮ್ಮೆ ತೆಗೆದು ಓದಿ.

ಇಷ್ಟೆಲ್ಲ ಮಾಡೋದು ಲಾಭವಾ?

ಎಲ್ಲರಿಗೂ ಅಲ್ಲ. 100 ಜಿಬಿಯ ಗೇಮ್ ಇಳಿಸಲು 940ರಲ್ಲಿ ಹದಿನಾಲ್ಕು ನಿಮಿಷ, 1200ರಲ್ಲಿ ಹನ್ನೊಂದು. ಮೂರು ನಿಮಿಷಕ್ಕೆ ಹೊಸ ಮೋಡೆಮ್, ರೌಟರ್, ಸ್ವಿಚ್ ಮೂರನ್ನೂ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. 2 ಗಿಗ್ ಪ್ಲಾನ್ ಇದ್ದರೆ ಏಳು ನಿಮಿಷದೊಳಗೆ ಮುಗಿಯುತ್ತದೆ, ಅಲ್ಲಿ ಅರ್ಥವಿದೆ. ನಾಲ್ಕೈದು ಜನ ಮನೆಯಿಂದಲೇ ಕೆಲಸ ಮಾಡುವ, ಓದುವ ಮನೆಗೂ ಅರ್ಥವಿದೆ. ಬರೀ ಸಿನಿಮಾ ನೋಡುವವರಿಗೆ, 4ಕೆ ಆದರೂ ಒಂದು ಟಿವಿಗೆ 25 ಎಂಬಿಪಿಎಸ್ ಸಾಕು. ಅವರು ಸಣ್ಣ ಪ್ಲಾನಿಗೆ ಇಳಿದು ಉಳಿದ ದುಡ್ಡಲ್ಲಿ ಒಳ್ಳೆಯ ವೈ-ಫೈ ಹಾಕಿಸಿಕೊಳ್ಳಲಿ. ಒಮ್ಮೆ ಒಬ್ಬ ಹಿರಿಯರಿಗೆ ಹಾಗೇ ಹೇಳಿ ಪ್ಲಾನ್ ಇಳಿಸಿಕೊಟ್ಟೆ. ಅವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ, ಬಿಲ್ ಬಂದಾಗ ಗೊತ್ತಾಯಿತು.

ಬ್ರಿಟನ್, ಜರ್ಮನಿಯಲ್ಲಿ ಇರುವವರಿಗೆ?

ಬ್ರಿಟನ್‌ನ ವರ್ಜಿನ್ ಮೀಡಿಯಾ ಗಿಗ್1 ಪ್ಲಾನ್ ಸರಾಸರಿ 1130 ಎಂಬಿಪಿಎಸ್ ಎಂದು ಮಾರುತ್ತದೆ. ಅವರು ಕೊಡುವ ಡಬ್ಬಿಗೆ ಹಬ್ ಎಂದು ಹೆಸರು. ಹಬ್ 4ರಲ್ಲಿ ಎಲ್ಲವೂ ಗಿಗಾಬಿಟ್ ಪೋರ್ಟ್, ಹಬ್ 5ರಲ್ಲಿ ಒಂದು 2.5 ಇದೆ. ಅಲ್ಲಿ ಸ್ವಂತ ಮೋಡೆಮ್ ಹಾಕಲು ಬಿಡುವುದಿಲ್ಲ, ಆ ಹಬ್ ಡಬ್ಬಿಯನ್ನೇ ಮೋಡೆಮ್ ಮೋಡ್‌ಗೆ ಹಾಕಿ. ಜರ್ಮನಿಯಲ್ಲಿ 2016ರ ಆಗಸ್ಟ್‌ನಿಂದ ಸ್ವಂತ ಯಂತ್ರ ಹಾಕುವ ಹಕ್ಕು ಕಾನೂನಿನಲ್ಲೇ ಇದೆ. ಫ್ರಿಟ್ಜ್‌ಬಾಕ್ಸ್ 6660 ಕೇಬಲ್, 6690 ಕೇಬಲ್ ಎರಡಕ್ಕೂ 2.5 ಪೋರ್ಟ್ ಇದೆ.

ಬೆಂಗಳೂರಿನಲ್ಲಿ ನಮ್ಮ ಮನೆಗೂ ಇದು ಅನ್ವಯಿಸುತ್ತಾ?

ಮೋಡೆಮ್ ಭಾಗ ಅನ್ವಯಿಸುವುದಿಲ್ಲ. ಅಲ್ಲಿ ಈಗ ಮನೆಗೆ ಬರುವುದು ಹೆಚ್ಚಾಗಿ ಫೈಬರ್, ಗೋಡೆಯ ಮೇಲೆ ಇರುವುದು ಒಎನ್‌ಟಿ ಡಬ್ಬಿ, ಫೈಬರ್‌ಗೆ ಮೋಡೆಮ್ ಇದ್ದ ಹಾಗೆ. ಆದರೆ ಆ ಡಬ್ಬಿಯಲ್ಲೂ ಗಿಗಾಬಿಟ್ ಪೋರ್ಟ್ ಇದ್ದರೆ ಅದೇ 940. ರೌಟರ್, ತಂತಿ, ವೈ-ಫೈ ಬಗ್ಗೆ ಬರೆದದ್ದೆಲ್ಲ ಹಾಗೇ ಅನ್ವಯಿಸುತ್ತದೆ.

ಎಲ್ಲಾ ಬದಲಾಯಿಸಿದೆ. ಇನ್ನೂ 940! ಈಗೇನು?

ಒಂದೊಂದು ಗೆಣ್ಣನ್ನೂ ಕೇಳಿ, ಅದು ಎಷ್ಟು ವೇಗಕ್ಕೆ ಒಪ್ಪಿಕೊಂಡಿದೆ ಎಂದು. ವಿಂಡೋಸ್‌ನಲ್ಲಿ ಈಥರ್ನೆಟ್ ಸೆಟ್ಟಿಂಗ್ ತೆರೆದರೆ ಲಿಂಕ್ ಸ್ಪೀಡ್ ಕಾಣುತ್ತದೆ. 1000/1000 ಎಂದಿದ್ದರೆ ತೊಂದರೆ ಕಂಪ್ಯೂಟರ್‌ಗೂ ರೌಟರ್‌ಗೂ ನಡುವೆ. 2500/2500 ಎಂದಿದ್ದರೆ ಅಲ್ಲಿ ಸರಿ ಇದೆ, ರೌಟರ್ ಪುಟದಲ್ಲಿ ವ್ಯಾನ್ ಪೋರ್ಟಿನ (ಮೋಡೆಮ್‌ನಿಂದ ತಂತಿ ಬರುವ ಪೋರ್ಟ್) ವೇಗ ನೋಡಿ. ಅದೂ 2500 ಇದ್ದರೆ ರೌಟರ್ ಬಿಟ್ಟು ಲ್ಯಾಪ್‌ಟಾಪನ್ನು ನೇರವಾಗಿ ಮೋಡೆಮ್‌ಗೆ ಹಾಕಿ. ಮೋಡೆಮ್ ಪ್ಲಗ್ ಕಿತ್ತು ಹಾಕುವುದು ಮರೆಯಬೇಡಿ, ಲ್ಯಾಪ್‌ಟಾಪ್‌ನ ಫೈರ್‌ವಾಲ್ ಆನ್ ಇರಲಿ. ಆಗಲೂ ದಾಟದಿದ್ದರೆ ಕಂಪನಿಗೆ ಫೋನ್ ಮಾಡಿ, ಮೋಡೆಮ್‌ಗೆ ಕಳಿಸಿರುವ ಪ್ಲಾನ್ ಯಾವುದು ಎಂದು ಓದಿ ಹೇಳಲು ಕೇಳಿ. ಪ್ಲಾನ್ ಏರಿಸಿದ್ದು ಬಿಲ್ಲಿಗೆ ಹೋಗಿ, ಮೋಡೆಮ್‌ಗೆ ಹೋಗದೆ ಉಳಿದದ್ದನ್ನು ನಾನು ಎರಡು ಮನೆಗಳಲ್ಲಿ ನೋಡಿದ್ದೇನೆ. ಅವರು ಆ ಕಡೆಯಿಂದ ಒಮ್ಮೆ ರಿಫ್ರೆಶ್ ಮಾಡಿದರು. ಮೋಡೆಮ್ ದೀಪ ಆರಿ ಹತ್ತಿತು. ಮುಂದಿನ ಟೆಸ್ಟ್‌ನಲ್ಲಿ 1180 ಬಂತು.